ನಮ್ಮ ಓಣಿಯ ಜಾಣ ಕಿವುಡು

ಆಗ ಶಿಕಾರಿಪುರದ ನಮ್ಮ ಓಣಿಯಲ್ಲಿ ಹಪ್ಪಳವನ್ನು ಯಾರೂ ಒಬ್ಬರೇ ಕೂತು ಮಾಡುತ್ತಿರಲಿಲ್ಲ. ಯುಗಾದಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಇಂದು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ ಎಂದು ಹೆಂಗಸರೆಲ್ಲ ಮಣೆ, ಲಟ್ಟಣಿಗೆ ಹಿಡಿದು ಸೇರುತ್ತಿದ್ದರು. ಮಕ್ಕಳಿಗೆ ಕಾಗೆ ಓಡಿಸುವ ಕೆಲಸ. ಅದಕ್ಕೆ ಕೂಲಿ, ಇಂಗು ಮೆಣಸಿನ ಘಮದ ಉದ್ದಿನ ಹಿಟ್ಟಿನ ಉಂಡೆ. ಎಣ್ಣೆಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡರೆ ಹಲ್ಲಿಗೆ ಅಂಟಿ ಎಷ್ಟೋ ಹೊತ್ತು ಮಾತೇ ಹೊರಡುತ್ತಿರಲಿಲ್ಲ.

ಅಂಥ ಒಂದು ಬೇಸಿಗೆಯಲ್ಲೇ ಎದುರು ಮನೆಯ ಶಾಂತಕ್ಕ ತವರಿಗೆ ಬಂದದ್ದು. ಹಿಂದಿನ ವರ್ಷ ಅವಳನ್ನು ಸೊರಬದ ಕಡೆ ಜಡೆ ಎಂಬ ಊರಿಗೆ ಕೊಟ್ಟಿದ್ದರು. ಮಧ್ಯಾಹ್ನ ಒಬ್ಬಳೇ, ಒಂದು ಬ್ಯಾಗು ಹಿಡಿದು ನಡೆದು ಬಂದಳು. ಮೊಣಕೈ ಬಾತಿತ್ತು. ನಳದ ಹತ್ತಿರ ನಿಂತಿದ್ದ ಹೆಂಗಸರೆಲ್ಲ ನೋಡಿದರು.

“ಹಬ್ಬಕ್ಕೆ ಬಂದ್ಯೇನವ್ವಾ?” ಎಂದಳು ನಮ್ಮಜ್ಜಿ.

“ಹೂಂ ಅಜ್ಜಿ” ಎಂದಳು ಶಾಂತಕ್ಕ.

ಹಬ್ಬ ಮುಗಿದು ವಾರವಾಗಿತ್ತು. ಮನೆಗೆ ಬಂದು ಅಜ್ಜಿಯನ್ನು ಕೇಳಿದೆ. “ಹೌದೇನು? ನಂಗೆಲ್ಲಿ ನೆನಪಿರ್ತೈತಿ” ಎಂದುಬಿಟ್ಟಳು. ಪಂಚಾಂಗ ನೋಡದೆ ಏಕಾದಶಿ ಹೇಳುತ್ತಿದ್ದ ಅಜ್ಜಿ!

ಅಲ್ಲಿಂದ ಮುಂದೆ ಇಡೀ ಓಣಿಗೇ ಮರೆವು ಹಿಡಿಯಿತು. ಶಾಂತಕ್ಕನ ಮೊಣಕೈ ಯಾರಿಗೂ ಕಾಣಲಿಲ್ಲ, ಅವಳು ಅತ್ತದ್ದು ಯಾರಿಗೂ ಕೇಳಲಿಲ್ಲ. ಬಾವು ಇಳಿದ ಮೇಲೆ “ನನ್ನ ರಟ್ಟೆ ನೋಯ್ತೈತಿ, ಹಿಟ್ಟು ಕುಟ್ಟಿಕೊಡು ಬಾರೇ” ಎಂದು ಎಲ್ಲರೂ ಹಪ್ಪಳಕ್ಕೆ ಮಾತ್ರ ಕರೆದರು.

ನಮ್ಮ ಮನೆಯ ಸರದಿಯ ದಿನ ಅವಳ ಗಂಡನ ಅಣ್ಣ ಬಂದರು. ಎದುರು ಮನೆಗೆ ಬೀಗ. ಅವಳ ಅಮ್ಮ ಹೊಲಕ್ಕೆ ಹೋಗಿದ್ದರು. ಆ ಭಾವ ನೇರ ನಮ್ಮ ಪಡಸಾಲೆಗೆ ಬಂದು ನಿಂತರು.

“ಶಾಂತಾ ಇಲ್ಲಿಗೆ ಬಂದಿದಾಳಂತಲ್ಲ. ಏನೇನು ಹೇಳ್ಕಂಡಿದಾಳೆ ನಿಮ್ಮ ಹತ್ರೆಲ್ಲ?”

ಲಟ್ಟಣಿಗೆಗಳು ನಿಲ್ಲಲಿಲ್ಲ. “ಯಾರು, ಶಾಂತಾನಾ? ಜಡೇಲಿ ಆರಾಮಿದಾಳಲ್ರೀ?” ಎಂದಳು ಅಜ್ಜಿ. “ಮಳೆ ಆತೇನ್ರೀ ನಿಮ್ಮ ಕಡೆ?”

ಅವರು ನನ್ನತ್ತ ತಿರುಗಿದರು. “ಪುಟ್ಟಿ, ನೀನು ಹೇಳು. ಶಾಂತಕ್ಕನ್ನ ನೋಡಿದ್ಯಾ?”

ನನ್ನ ಬಾಯಲ್ಲಿದ್ದ ಉಂಡೆಯನ್ನು ಆಗಷ್ಟೇ ಕೊಟ್ಟವಳು ಒಳಗೆ ಹಿಟ್ಟು ಕುಟ್ಟುತ್ತಿದ್ದ ಶಾಂತಕ್ಕನೇ. ಅಜ್ಜಿ ತಲೆಯೆತ್ತಿ ಕೂಡ ನೋಡಲಿಲ್ಲ. ಹಿಟ್ಟನ್ನು ಹೇಗೋ ನುಂಗಿ, “ಯಾವ ಶಾಂತಕ್ಕ?” ಎಂದೆ.

ಒಳಗೆ ಒನಕೆಯ ಸದ್ದು ನಿಂತಿತು. ಶಾಂತಕ್ಕ ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದಳು.

“ಭಾವ, ನಾನಿಲ್ಲೇ ಇದೀನಿ. ಬರಲ್ಲ ಅಂತ ಅವರಿಗೆ ಹೇಳಿ.”

“ಜನರ ಮುಂದೆ ಇದೆಲ್ಲ ಯಾಕೆ? ಹೊರಗೆ ಬಾ, ಮಾತಾಡಣ.”

“ಇಲ್ಲೇ ಹೇಳಿದ್ನಲ್ಲ. ಬರಲ್ಲ.”

“ಅಯ್ಯ, ಶಾಂತಾ! ನೀ ಯಾವಾಗ ಬಂದ್ಯೇ?” ಎಂದಳು ಅಜ್ಜಿ, ಕೆನ್ನೆಗೆ ಕೈಯಿಟ್ಟು.

ಬೆಳಿಗ್ಗೆಯಿಂದ ನಮ್ಮ ಒರಳ ಮುಂದೆಯೇ ಇದ್ದವಳನ್ನು ಹೀಗೆ ಕೇಳಿದಳು! ಯಾರೂ ನಗಲಿಲ್ಲ. ಭಾವ ಒಬ್ಬೊಬ್ಬರ ಮುಖವನ್ನೂ ನೋಡಿದರು. ಜಗಳಕ್ಕೆ ಯಾರೂ ಸಿಗಲಿಲ್ಲ. ಚಪ್ಪಲಿ ಮೆಟ್ಟಿ ಹೋದರು. ಶಾಂತಕ್ಕ ಹೊಸಿಲ ಮೇಲೆ ಕುಸಿದು ನಗತೊಡಗಿದಳು, ನಗುನಗುತ್ತಲೇ ಅತ್ತಳು. ಅಜ್ಜಿ ಅವಳ ಮುಂದೆ ಒಂದು ಮಣೆ ತಳ್ಳಿ, “ಹಿಟ್ಟು ಒಣಗ್ತೈತಿ, ಲಟ್ಟಿಸು” ಎಂದಳು.

ಶಾಂತಕ್ಕ ಮರಳಿ ಹೋಗಲಿಲ್ಲ. ಹೊಲಿಗೆ ಕಲಿತಳು, ಓಣಿಯವರ ರವಿಕೆಗಳನ್ನೆಲ್ಲ ಹೊಲಿದಳು. ಮಳೆಗಾಲದಲ್ಲಿ ಒಂದು ದಿನ ತಾನಾಗಿಯೇ ಅಜ್ಜಿಗೆ ಎಲ್ಲ ಹೇಳಿಕೊಂಡಳಂತೆ. ಅಜ್ಜಿ ಏನೂ ಗೊತ್ತಿಲ್ಲದವಳ ಹಾಗೆ, ಮೊದಲಿಂದ ಕೊನೆಯವರೆಗೆ ಕೇಳಿದಳಂತೆ.

ಆ ಜಾಣ ಕಿವುಡು ಯಾವಾಗಲೂ ಒಳ್ಳೆಯದಕ್ಕೇ ಒದಗಿತು ಎನ್ನಲಾರೆ. ಅದೇ ಓಣಿಯಲ್ಲಿ ಕುಡಿದು ಬಂದು ಹೆಂಡತಿಯನ್ನು ಹೊಡೆಯುವವರ ಸದ್ದೂ ಯಾರಿಗೂ ಕೇಳುತ್ತಿರಲಿಲ್ಲ. ಆದರೆ ಈಚೆಗೆ ಶಾಂತಕ್ಕ ನನ್ನ ಹತ್ತಿರ ಅಂದಳು: “ಅವತ್ತು ನಳದ ಹತ್ರ ಒಬ್ಬರಾದ್ರೂ ‘ಯಾಕೆ ಬಂದಿ’ ಅಂತ ಕೇಳಿದ್ರೆ, ಹಂಗೇ ತಿರುಗಿ ಹೋಗಿಬಿಡ್ತಿದ್ದೆ ಕಣೇ.”

ಹೋದ ವರ್ಷ ಅದೇ ಓಣಿಯ ಇನ್ನೊಬ್ಬ ಹುಡುಗಿ ಹೀಗೇ ತವರಿಗೆ ಬಂದಳು. ಬ್ಯಾಗು ಕೆಳಗಿಡುವ ಮೊದಲೇ ಎಲ್ಲರ ಮೊಬೈಲಿಗೂ ಸುದ್ದಿ ಮುಟ್ಟಿತ್ತು. ಬಂದವರು ಯಾರೂ ಕೆಟ್ಟವರಲ್ಲ, ‘ಪಾಪ’ ಎನ್ನುತ್ತಲೇ ಬಂದರು. ಏನಾಯ್ತು, ಯಾಕಾಯ್ತು, ಮುಂದೇನು ಎಂದು ಕೇಳಿದರು. ಹುಡುಗಿ ಒಬ್ಬೊಬ್ಬರಿಗೂ ಉತ್ತರ ಹೇಳಿದಳು. ವಾರ ತುಂಬುವುದರೊಳಗೆ ಗಂಡನ ಮನೆಗೆ ಹೊರಟುಹೋದಳು. ಬಸ್‌ ಸ್ಟ್ಯಾಂಡಿಗೆ ಹೋಗುವಾಗ ಅವಳನ್ನು ಯಾರೂ ನೋಡಲಿಲ್ಲವಂತೆ.