ಬಸಿಗಾಲುವೆಯ ಬಾಯಿ

ಕಳೆದ ವಾರ ರಾಮನಗರದ ನಮ್ಮ ಬೀದಿಯಲ್ಲಿ ಮೋರಿ ತೋಡುತ್ತಿದ್ದರು. ಬಾಗಿಲು ತೆರೆದ ಕೂಡಲೇ ಹಸಿ ಮಣ್ಣಿನ ವಾಸನೆ ಒಳಗೆ ನುಗ್ಗಿತು. ಬಹುಕಾಲ ನೀರು ಕುಡಿದು, ಬಿಸಿಲು ಕಾಣದೆ ಮಲಗಿದ್ದ ಕಪ್ಪು ಮಣ್ಣಿನ ವಾಸನೆ. ಕೊಂಚ ಕೊಳೆತದ್ದು, ಕೊಂಚ ತಂಪಾದದ್ದು. ಕೈಯಲ್ಲಿದ್ದ ಕಾಫಿ ಆರಿಹೋಗುವವರೆಗೂ ಹೊಸ್ತಿಲಲ್ಲೇ ನಿಂತಿದ್ದೆ. ನಮ್ಮತ್ತೆಯ ಸೀರೆಯ ಅಂಚು ಮಳೆಗಾಲವಿಡೀ ಈ ವಾಸನೆಯನ್ನೇ ಹೊತ್ತು ಮನೆಯೊಳಗೆ ಬರುತ್ತಿತ್ತು.

ಅತ್ತೆ ಎಂದರೆ ಅಪ್ಪನ ಅಕ್ಕ, ಕೆಂಪಮ್ಮ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಒಂದು ಹಸುವಿನಿಂದ ಶುರುಮಾಡಿ ಕೊಟ್ಟಿಗೆ ತುಂಬಿಸಿದವಳು. ನಮ್ಮೂರಿದ್ದದ್ದು ಕನಕಪುರದ ದಾರಿಯಲ್ಲಿ, ಅರ್ಕಾವತಿಯ ಮಗ್ಗುಲಿಗೆ. ಊರಿಗೂ ಹೊಳೆಗೂ ನಡುವೆ ಎಲ್ಲರ ದನವೂ ಮೇಯುವ ಬಯಲೊಂದಿತ್ತು. ನಿಮ್ಮೂರಲ್ಲೂ ಇಂಥದ್ದೊಂದು ಇದ್ದೀತು. ಹೊಳೆ ಉಕ್ಕಿದಾಗ ನೀರು ಬಯಲಿಗೆ ಹರಡಿಕೊಳ್ಳುತ್ತಿತ್ತು. ಇಳಿದಾಗ ಹಾಲಿನ ಕೆನೆಯಂಥ ಮೆಕ್ಕಲು ಮಣ್ಣನ್ನು ಬಿಟ್ಟುಹೋಗುತ್ತಿತ್ತು. ದಡದ ಹತ್ತಿರ ಮರಳು ಬೆರೆತ ನೆಲ ಬೇಗ ಒಣಗಿ ಗರಿಕೆ ಚಿಗುರುತ್ತಿತ್ತು. ನಡುವಿನ ತಗ್ಗಿನಲ್ಲಿ ಜಿಗುಟು ಎರೆಮಣ್ಣು, ದೀಪಾವಳಿ ಕಳೆದರೂ ಕಾಲಿಟ್ಟರೆ ಹೀರುತ್ತಿತ್ತು. ತಗ್ಗಿನ ನೀರನ್ನು ಹೊಳೆಗೆ ಮರಳಿಸಲು ಹಿಂದಿನವರು ತೋಡಿದ್ದ ಬಸಿಗಾಲುವೆಯ ಹೂಳನ್ನು ಪ್ರತಿ ಮಳೆಗಾಲದ ಕೊನೆಗೆ ಊರವರು ಸೇರಿ ತೆಗೆಯುತ್ತಿದ್ದರು. ನೆಲ ಗಟ್ಟಿಯಾಗುವವರೆಗೆ ಅತ್ತೆ ದನಗಳನ್ನು ತಗ್ಗಿಗೆ ಬಿಡುತ್ತಿರಲಿಲ್ಲ. ಹಸಿಯಲ್ಲಿ ತುಳಿದರೆ ಹುಲ್ಲಿನ ಬೇರು ಉಸಿರು ಕಟ್ಟಿ ಸಾಯುತ್ತದೆ ಎನ್ನುತ್ತಿದ್ದಳು. ಆಮೇಲೆ ಬೇಸಿಗೆ ಮುಗಿಯುವವರೆಗೂ ಆ ತಗ್ಗೇ ಹಸಿರು. ಊರಿನ ಬಾವಿಗಳು ಬತ್ತಿದಾಗಲೂ ನಮ್ಮ ಹಾಲಿನ ಕ್ಯಾನು ಡೈರಿಗೆ ಹೋಗುವುದು ತಪ್ಪುತ್ತಿರಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ರಸ್ತೆಯ ಕಡೆಯ ಹೊಲಗಳು ಕಾರ್ಖಾನೆಯೊಂದಕ್ಕೆ ಹೋದವು, ನಮ್ಮದೂ ಸೇರಿ. ಯಾರೂ ಜಗಳವಾಡಲಿಲ್ಲ. ಅಪ್ಪನಿಗೆ ಅಲ್ಲಿಯೇ ವಾಚ್‌ಮನ್ ಕೆಲಸ ಸಿಕ್ಕಿತು. ನೀಲಿ ಅಂಗಿ ತೊಟ್ಟು, ಕ್ರಾಪು ಒಪ್ಪವಾಗಿ ಬಾಚಿಕೊಂಡು ಹೋಗುವಾಗ ಅಪ್ಪ ಕೊಂಚ ಎತ್ತರವಾದಂತೆ ಕಾಣುತ್ತಿದ್ದ. ಲಾರಿಗಳು ಎಲ್ಲಿಂದಲೋ ಕೆಮ್ಮಣ್ಣು ತಂದು ಸುರಿದವು. ಕಾಂಪೌಂಡು ಬಯಲಿನ ಒಂದು ಅಂಚನ್ನೂ ಸೇರಿಸಿಕೊಂಡು ಹೊಳೆಯವರೆಗೂ ಚಾಚಿತು. ಬಸಿಗಾಲುವೆಯ ಬಾಯಿ ಆ ಮಣ್ಣಿನ ಅಡಿಗೆ ಹೋಯಿತು.

ಆ ವರ್ಷ ಹೊಳೆ ಉಕ್ಕಿ ಇಳಿದರೂ ತಗ್ಗಿನ ನೀರು ಇಳಿಯಲಿಲ್ಲ. ಹಬ್ಬಗಳು ಬಂದುಹೋದವು, ನೀರು ಅಲ್ಲೇ ನಿಂತು, ಮೇಲೆ ಎಣ್ಣೆಯಂಥ ಪೊರೆ ಕಟ್ಟಿತು. ಮೇವಿಗೆ ಬೇರೆ ದಾರಿಯಿಲ್ಲದೆ ಅತ್ತೆ ದನಗಳನ್ನು ಅದರ ಅಂಚಿಗೇ ಹೊಡೆದಳು. ಗೊರಸಿನ ಸಂದಿಯಲ್ಲಿ ಕೊಳೆತ ಶುರುವಾಯಿತು. ಅತ್ತೆ ಸಂಜೆಯಿಡೀ ಕುಳಿತು, ಬೇವಿನೆಲೆ ಕುದಿಸಿದ ನೀರಿನಿಂದ ಒಂದೊಂದೇ ಕಾಲು ತೊಳೆಯುತ್ತಿದ್ದಳು. ಊರ ಹಿರಿಯರು ಕಾರ್ಖಾನೆಯವರ ಹತ್ತಿರ ಹೋಗಿ ಕೇಳಿದರು. ನೋಡೋಣ ಎಂದರಂತೆ.

ಒಂದು ಭಾನುವಾರ ಬೆಳಿಗ್ಗೆ ಅಪ್ಪನಿಗೆ ಊಟ ತೆಗೆದುಕೊಂಡು ಹೋದಾಗ, ಕಾಂಪೌಂಡಿನ ಮೂಲೆಯಲ್ಲಿ ಅತ್ತೆ ಕೆಮ್ಮಣ್ಣಿನ ಗುಡ್ಡೆಯನ್ನು ಅಗೆಯುತ್ತಿದ್ದಳು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದಳು. ಅಪ್ಪ ಲಾಠಿ ಹಿಡಿದು ಎದುರಿಗೆ ನಿಂತಿದ್ದ.

"ಅಕ್ಕ, ಬುಡು. ಸೂಪರ್‌ವೈಜರ್ ನೋಡುದ್ರೆ ನನ್ನ ಕೆಲ್ಸ ಹೋಯ್ತದೆ."

ಅತ್ತೆ ಗುದ್ದಲಿ ನಿಲ್ಲಿಸಲಿಲ್ಲ. "ನೀನು ಗೇಟ್ ತಾವ ಹೋಗು ಸಿದ್ದ. ಕೇಳುದ್ರೆ, ನಾ ಕಾಣ್ಲಿಲ್ಲ ಅನ್ನು."

ಅಪ್ಪ ಹೋಗಲಿಲ್ಲ. ಲಾಠಿಯನ್ನು ಕೆಳಗಿಟ್ಟ. ಆಮೇಲೆ ನೀಲಿ ಅಂಗಿ ಬಿಚ್ಚಿ, ಮಡಿಸಿ, ನನ್ನ ಕೈಗೆ ಕೊಟ್ಟ. ಕಾರ್ಖಾನೆಯದೇ ಸಲಿಕೆಯೊಂದು ಗೋಡೆಗೆ ಒರಗಿತ್ತು, ಅದನ್ನು ತಂದ. "ನೀನು ಆ ಕಡಿಂದ ಬಾ. ನಾ ಈ ಕಡಿಂದ ಬತ್ತೀನಿ" ಎಂದ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಕಾಲುವೆಯ ಹಳೆಯ ಕಲ್ಲುಗಳು ಕಂಡವು. ಮೊದಲು ನೀರು ಒಸರಿತು, ಆಮೇಲೆ ಮಣ್ಣನ್ನೂ ಕಿತ್ತುಕೊಂಡು ಹೊಳೆಯತ್ತ ಓಡಿತು. ಇಬ್ಬರೂ ಕೆಸರಾಗಿ ಪಕ್ಕಪಕ್ಕ ಕುಳಿತು, ನಾನು ತಂದಿದ್ದ ಮುದ್ದೆಯನ್ನು ಹಂಚಿಕೊಂಡು ಉಂಡರು. ಅವರಿಬ್ಬರೂ ಹಾಗೆ ಜೊತೆಗೆ ಕುಳಿತದ್ದನ್ನು ನಾನು ಮತ್ತೆ ನೋಡಿದ ನೆನಪಿಲ್ಲ.

ನೀರು ಇಳಿದ ಮೇಲೆ ತಗ್ಗಿನ ಹುಲ್ಲು ಕಂಡಿತು. ಅದು ಹಳದಿಯಾಗಿ, ಒಂದೇ ಕಡೆಗೆ ಮಲಗಿ, ಮುಟ್ಟಿದರೆ ಕೈಗೆ ಬರುವಂತಿತ್ತು. ಅತ್ತೆ ಒಂದು ಹಿಡಿ ಕಿತ್ತು ಮೂಸಿ ನೋಡಿ ಕೆಳಗೆ ಹಾಕಿದಳು. ವಾರದೊಳಗೆ ಜೆಸಿಬಿ ಬಂದು ತೋಡಿದ್ದನ್ನು ಮುಚ್ಚಿತು. ಈ ಸಲ ಮೇಲೆ ಕಾಂಕ್ರೀಟು ಹಾಕಿದರು. ಅಪ್ಪನಿಗೆ ಇನ್ನು ಬರಬೇಡ ಎಂದರು. ಅಪ್ಪ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರಲು ಹೋದ. ಅತ್ತೆಯ ಮೇಲೆ ಒಂದು ಮಾತೂ ಆಡಲಿಲ್ಲ. ಅತ್ತೆಯೂ ತಪ್ಪಾಯಿತು ಎನ್ನಲಿಲ್ಲ.

ದನಗಳನ್ನು ಕೊಳ್ಳಲು ಸಾತನೂರಿನ ಕಡೆಯವರೊಬ್ಬರು ಟೆಂಪೋ ತಂದರು. ಅತ್ತೆ ಹಗ್ಗಗಳನ್ನು ಕೊಟ್ಟು, ಮಚ್ಚೆಮಚ್ಚೆಯ ಹಂಡದ ಹಸುವನ್ನು ತೋರಿಸಿ, "ಇದರ ಮುಂಗಾಲು ಒಸಿ ನೋವೈತೆ, ಒಣಗಿರೋ ತಾವ ಕಟ್ಟಪ್ಪ" ಎಂದಳು. ಟೆಂಪೋ ತಿರುಗುವ ಮೊದಲೇ ಒಳಗೆ ಹೋಗಿ ಅವರೆಕಾಯಿ ಬಿಡಿಸಲು ಕುಳಿತಳು. ನಾನೂ ಹೋಗಿ ಪಕ್ಕದಲ್ಲಿ ಕುಳಿತು ಬಿಡಿಸಿದೆ. ಅಳು ಬರುತ್ತದೆಂದು ಕಾದೆ, ಬರಲಿಲ್ಲ. ಕೆಲವು ವರ್ಷಗಳ ಮೇಲೆ ಜ್ವರದಲ್ಲಿ ಅತ್ತೆ ತೀರಿಕೊಂಡಾಗಲೂ ಹಾಗೆಯೇ ಆಯಿತು. ಬಂದವರಿಗೆ ನೀರು ಕೊಟ್ಟೆ, ಚಾಪೆ ಹಾಸಿದೆ. ಒಳಗೆಲ್ಲೋ ಏನೋ ನಿಂತುಹೋಗಿತ್ತು.

ಈಗ ಅಲ್ಲಿ ನಮ್ಮ ಮನೆಯವರಾರೂ ಇಲ್ಲ. ಊರಲ್ಲುಳಿದ ದೂರದ ಸಂಬಂಧಿಕರ ಮದುವೆ, ತಿಥಿ ಎಂದು ಆಗೊಮ್ಮೆ ಈಗೊಮ್ಮೆ ಕನಕಪುರದ ಬಸ್ಸು ಹತ್ತುತ್ತೇನೆ. ಕಿಟಕಿಯಿಂದ ಬಯಲು ಕಾಣುವುದಿಲ್ಲ, ಉದ್ದದ ಗೋಡೆ ಕಾಣುತ್ತದೆ. ನಮ್ಮೂರಿನ ಹೆಸರು ಹೇಳಿದರೆ ಕಂಡಕ್ಟರಿಗೆ ತಿಳಿಯುವುದಿಲ್ಲ. ಮೊದಮೊದಲು ವಿವರಿಸಿ ಹೇಳುತ್ತಿದ್ದೆ. ಕಳೆದ ಸಲ ಟಿಕೆಟ್ಟಿಗೆ ಕೈ ಚಾಚಿ, "ಫ್ಯಾಕ್ಟ್ರಿ ಗೇಟು, ಒಂದು" ಎಂದೆ.