ಟೈಪಿಸ್ಟಮ್ಮನ ಕೊನೆಯ ಸಾಲು

ಸ್ಕ್ಯಾನ್ ಕೋಣೆಯ ಹಿಂದೆ ಕಿಟಕಿಯಿಲ್ಲದ ಇನ್ನೊಂದು ಪುಟ್ಟ ಕೋಣೆ. ಅಲ್ಲೊಂದು ಕಂಪ್ಯೂಟರು, ಕಿವಿಗೆ ಹೆಡ್‌ಫೋನು, ಕಾಲಡಿಯಲ್ಲಿ ಧ್ವನಿಯನ್ನು ಹಿಂದೆ ಮುಂದೆ ಓಡಿಸುವ ಪೆಡಲು. ಆಸ್ಪತ್ರೆಯ ಡಾಕ್ಟರುಗಳು ಇಂಗ್ಲಿಷಿನಲ್ಲಿ ಹೇಳಿ ರೆಕಾರ್ಡು ಮಾಡಿದ್ದನ್ನೆಲ್ಲ ಇಪ್ಪತ್ತೆರಡು ವರ್ಷದಿಂದ ಟೈಪಿಸ್ಟಮ್ಮ ಅಲ್ಲಿ ಕೂತು ಟೈಪು ಮಾಡುತ್ತಿದ್ದಾಳೆ. ಓದಿದ್ದು ಹತ್ತನೇ ಕ್ಲಾಸು. ಬಸ್ಸಿನಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಟೈಮೆಷ್ಟು ಎಂದು ಕೇಳಿದರೆ ಬೆವರುತ್ತಾಳೆ. ಆದರೆ ಲಿವರು, ಕಿಡ್ನಿ, ಗಾಲ್‌ಬ್ಲ್ಯಾಡರಿನ ಗೋಡೆಯ ದಪ್ಪ, ಇವುಗಳ ಇಂಗ್ಲಿಷು ಕೇಳಿದರೆ ನೀರು ಕುಡಿದಷ್ಟು ಸಲೀಸು.

ಬೀದಿಯ ಜನ ಅವಳನ್ನು 'ಅರ್ಧ ಡಾಕ್ಟರು' ಎನ್ನತೊಡಗಿದ್ದು ರಿಟೈರಾದ ಇಂಗ್ಲಿಷ್ ಮೇಷ್ಟರ ದೆಸೆಯಿಂದ. ತಮ್ಮ ಕಿಡ್ನಿಯನ್ನು 'ಅನ್‌ರಿಮಾರ್ಕಬಲ್' ಎಂದು ಬರೆದಿದ್ದಾರೆ, ಹೇಳಿಕೊಳ್ಳುವಂಥದ್ದೇನೂ ಇಲ್ಲವಂತೆ ಎಂದು ಅವರು ಮುಖ ಊದಿಸಿಕೊಂಡಿದ್ದರು.

"ಮೇಷ್ಟ್ರೇ, ಆಸ್ಪತ್ರೆ ಇಂಗ್ಲಿಷಲ್ಲಿ ಅದಕ್ಕಿಂತ ಒಳ್ಳೇ ಮಾತಿಲ್ಲ. ನಿಮ್ಮ ಕಿಡ್ನಿ ಗಟ್ಟಿಮುಟ್ಟಾಗಿದೆ ಅಂತ ಅರ್ಥ," ಎಂದಳು ಟೈಪಿಸ್ಟಮ್ಮ.

ಅಂದಿನಿಂದ ಅವಳ ಮನೆ ಬಾಗಿಲಿಗೆ ರಿಪೋರ್ಟಿನ ಕವರುಗಳು ಬರತೊಡಗಿದವು. ಅವಳಿಗೂ ಜಂಬ ಏರಿತು. ಏರದೆ ಇರುತ್ತದೆಯೇ?

ಕಳೆದ ವರ್ಷ ಅಕ್ಕನೂ ಒಂದು ಕವರು ಹಿಡಿದು ಬಂದಳು. ತಾಯಿ ಸತ್ತ ಮೇಲೆ ಟೈಪಿಸ್ಟಮ್ಮನನ್ನು ಸಾಕಿದವಳು, ತಾನು ಓದದೆ ಅವಳನ್ನು ಟೈಪಿಂಗ್ ಕ್ಲಾಸಿಗೆ ಸೇರಿಸಿದವಳು ಈ ಅಕ್ಕ. ಎದೆಯಲ್ಲೊಂದು ಸಣ್ಣ ಗಂಟು, ಒಂಬತ್ತು ಮಿಲಿಮೀಟರು. ಆ ರಿಪೋರ್ಟು ಟೈಪು ಮಾಡಿದ್ದೂ ಟೈಪಿಸ್ಟಮ್ಮನೇ.

"ಕೊನೇ ಸಾಲಲ್ಲಿ ಇನ್ನೇನೋ ಇದೆಯಲ್ಲೇ?" ಎಂದು ಅಕ್ಕ ಬೆರಳಿಟ್ಟು ಕೇಳಿದಳು.

"ಅದಾ? ಸರ್ಜನ್‌ಗೆ ತೋರಿಸಿ, ಮತ್ತೆ ಸ್ಕ್ಯಾನ್ ಮಾಡಿಸಿ ಅಂತ. ಎಲ್ಲರಿಗೂ ಬರೋದೇ ಅಕ್ಕ. ಒಂದು ಗುಂಡಿ ಒತ್ತಿದ್ರೆ ಇಡೀ ಸಾಲು ತಾನೇ ಬೀಳುತ್ತೆ. ಸುಮ್ನೆ ಮನೆಗೆ ಹೋಗು."

ಸುಳ್ಳೇನಲ್ಲ. ಡಾಕ್ಟರು ಆ ಮಾತನ್ನು ದಿನಕ್ಕೆ ನಲವತ್ತು ಸಲ ಹೇಳುತ್ತಿದ್ದರೆಂದು ಅವಳು ಅದಕ್ಕೊಂದು ಗುಂಡಿಯನ್ನೇ ಮೀಸಲಿಟ್ಟಿದ್ದಳು. ಒತ್ತಿ ಒತ್ತಿ ಗುಂಡಿಯ ಮೇಲಿನ ಅಕ್ಷರ ಅಳಿಸಿಹೋಗಿತ್ತು. ಸಾಲಿನ ಅರ್ಥವೂ ಹಾಗೇ ಅಳಿಸಿದ್ದು ಅವಳಿಗೆ ಗೊತ್ತಾಗಿರಲಿಲ್ಲ.

ಮೊನ್ನೆ ಬೆಳಿಗ್ಗೆ ಹೆಡ್‌ಫೋನಿನಲ್ಲಿ ಮತ್ತೆ ಅಕ್ಕನ ಹೆಸರು, ಅಕ್ಕನ ವಯಸ್ಸು. ವರ್ಷವಾಯಿತೆಂದು ಅಕ್ಕ ಮತ್ತೆ ಸ್ಕ್ಯಾನ್ ಮಾಡಿಸಿಕೊಂಡಿದ್ದಳು. ಗಂಟು ಇಪ್ಪತ್ತೊಂದು ಮಿಲಿಮೀಟರು, ಅಂಚು ಅಂಕುಡೊಂಕು. ಪೆಡಲು ಒತ್ತಿ ಮೂರು ಸಲ ಹಿಂದಕ್ಕೆ ಓಡಿಸಿ ಕೇಳಿದಳು. ಮೂರು ಸಲವೂ ಇಪ್ಪತ್ತೊಂದೇ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತು ತನಗಾಗಿಯೇ ಹುಟ್ಟಿದ್ದು ಎನಿಸಿತು.

ಸಂಜೆ ಅಕ್ಕ ಕವರಿನೊಂದಿಗೆ ಹಾಜರು. "ಬೇಗ ಓದು ಕಣೇ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ."

"ನಾಳೆ ಬೆಳಿಗ್ಗೆ ಸರ್ಜನ್ ಹತ್ರ ಹೋಗೋಣ."

"ನೀನಿರುವಾಗ ಸರ್ಜನ್ ಯಾಕೆ?"

"ನಂಗೆ ಇಂಗ್ಲಿಷ್ ಬರಲ್ಲ ಅಕ್ಕ. ಟೈಪಿಂಗ್ ಬರುತ್ತೆ, ಅಷ್ಟೇ. ಹೋದ್ವರ್ಷ ನಾನು ಹೇಳಿದ್ದು ತಪ್ಪು."

ಅಕ್ಕ ನಗಲು ಹೋದವಳು ತಂಗಿಯ ಮುಖ ನೋಡಿ ನಿಲ್ಲಿಸಿದಳು. ಕವರನ್ನು ಮಡಿಚಿ ಚೀಲದೊಳಗೆ ಹಾಕಿಕೊಂಡಳು. ಹಾಲಿನ ಮಾತು ಇಬ್ಬರಿಗೂ ಮರೆತುಹೋಯಿತು.

ಮರುದಿನ ಸರ್ಜನ್ ಎರಡೂ ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ತಕ್ಷಣ ಆಪರೇಷನ್ ಆಗಬೇಕು, ಆಮೇಲಿನದು ಆಮೇಲೆ ಎಂದರು. "ಇಷ್ಟು ಸ್ಪಷ್ಟವಾಗಿ ಬರೆದಿದೆ. ಹೋದ ವರ್ಷವೇ ಯಾಕಮ್ಮ ಬರಲಿಲ್ಲ?"

ಟೈಪಿಸ್ಟಮ್ಮ ಬಾಯಿ ತೆರೆದಳು. ಮೇಜಿನ ಕೆಳಗೆ ಅಕ್ಕ ಅವಳ ಕಾಲನ್ನು ಬಲವಾಗಿ ತುಳಿದಳು.

"ನಂದೇ ಉಡಾಫೆ ಡಾಕ್ಟ್ರೇ. ಇವ್ಳು ಹೋಗು ಹೋಗು ಅಂತ ಬಡ್ಕೊಂಡ್ಳು, ನಾನೇ ಕೇಳ್ಲಿಲ್ಲ."

ಹೊರಗೆ ಕಾರಿಡಾರಿನಲ್ಲಿ ಟೈಪಿಸ್ಟಮ್ಮ ಅತ್ತಳು. ಒಳಗೆ ಹೋಗಿ ನಿಜ ಹೇಳಿಬಿಡುತ್ತೇನೆ ಎಂದಳು.

"ಬಾಯಿ ಬಿಟ್ಟೀಯ, ಜೋಕೆ!" ಅಕ್ಕ ಗದರಿದಳು. "ನಿನ್ನ ಕೆಲಸ ಹೋದ್ರೆ ನನ್ನ ಗಂಟು ಕರಗುತ್ತಾ? ನನ್ನ ಆಣೆ ಇದೆ."

ನುಂಗುವಂತಿಲ್ಲ, ಉಗುಳುವಂತಿಲ್ಲ. ಬಿಸಿ ತುಪ್ಪವನ್ನು ಬಾಯಲ್ಲಿಟ್ಟುಕೊಂಡೇ ಅವಳು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಧ್ಯಾಹ್ನ ಹೆಡ್‌ಫೋನಿನಲ್ಲಿ ಸರ್ಜನ್ನರ ದನಿ ಬಂತು. ಗಂಟಿನ ಅಳತೆ, ಆಪರೇಷನ್ನಿನ ತಾರೀಖು. ಕಡೆಗೆ ಇನ್ನೊಂದು ಮಾತು: ಕಳೆದ ವರ್ಷ ಸ್ಪಷ್ಟ ಸಲಹೆ ಕೊಟ್ಟಿದ್ದರೂ, ಮನೆಯವರು ಒತ್ತಾಯಿಸಿದ್ದರೂ, ರೋಗಿ ತಮ್ಮದೇ ನಿರ್ಲಕ್ಷ್ಯದಿಂದ ಬಂದಿಲ್ಲ.

ಪೆಡಲಿನಿಂದ ಕಾಲು ತೆಗೆದಳು. ಪರದೆಯ ಮೇಲೆ ಕರ್ಸರು ಮಿನುಗುತ್ತ ಕಾಯುತ್ತಿತ್ತು. ಹೊರಗಿನಿಂದ ಯಾರೋ ಬಾಗಿಲು ತಟ್ಟಿ, "ಆಯ್ತಾ ಮೇಡಂ? ಸರ್ಜನ್ ಸೈನ್ ಮಾಡೋಕೆ ಕಾಯ್ತಿದಾರೆ," ಎಂದರು.

"ಒಂದೇ ಸಾಲು," ಎಂದಳು.

ಆ ಸಾಲಿಗೆ ಅವಳ ಬಳಿ ಗುಂಡಿ ಇರಲಿಲ್ಲ. ಒಂದೊಂದೇ ಅಕ್ಷರ ಒತ್ತಿದಳು. ಪ್ರತಿ ಪದದ ಅರ್ಥವೂ ತಿಳಿಯುತ್ತಿತ್ತು.