ಮಂಜುವಿನ ಹಗ್ಗ, ನನ್ನ ಸಿಗರೇಟು

ಗೆಳೆಯರೆ, ನನ್ನ ಅಕ್ಷರ ಚೆನ್ನಾಗಿಲ್ಲ. ಹಾಳೆಯಲ್ಲಿ ಬರೆದದ್ದನ್ನು ಅಂಕೋಲೆಯ ಸೈಬರ್ ಕೆಫೆಯ ಅಣ್ಣ ಟೈಪ್ ಮಾಡಿಕೊಟ್ಟಿದ್ದಾನೆ. ಕಾಗುಣಿತದ ತಪ್ಪುಗಳು ಮಾತ್ರ ನನ್ನವೇ, ಕ್ಷಮಿಸಿ.

ಇವತ್ತು ಬೆಳಿಗ್ಗೆ ಹಾರವಾಡದ ದಂಡೆಯಲ್ಲಿ, ಹತ್ತಾರು ಜನ ಹಗ್ಗ ಹಿಡಿದು ದಡಕ್ಕೆ ಎಳೆಯುವ ರಂಪಣಿ ಬಲೆ ಎಳೆಯುತ್ತಿದ್ದೆವು. ಅರ್ಧದಲ್ಲಿ, ನನ್ನ ಪಕ್ಕ ಎಳೆಯುತ್ತಿದ್ದ ಮಂಜು ತನ್ನ ಹಗ್ಗವನ್ನೂ ನನ್ನ ಕೈಗೆ ಕೊಟ್ಟು, ದೋಣಿಗೆ ಒರಗಿ ಸಿಗರೇಟು ಹಚ್ಚಿದ. ದಿನವೂ ಹೀಗೆಯೇ. ಮೀನು ಕೊಳ್ಳಲು ಬುಟ್ಟಿ ಹಿಡಿದು ನಿಂತಿದ್ದ ಲತಾ, ಎರಡು ವರ್ಷದಿಂದ ನಾನು ಮಾತಾಡಿಸಲಾಗದ ಲತಾ, ಗೆಳತಿಗೆ ಹೇಳಿದಳು:

“ಅಂವ ಹೊಗೆ ಬಿಡೂದು ನೋಡೇ, ಥೇಟ್ ಸಿನಿಮಾ ಹೀರೋ.”

ನನ್ನ ಹೊಟ್ಟೆ ಉರಿಯಿತು. ಇಂಥ ದಿನಕ್ಕೆಂದೇ ನಾನೂ ಒಂದು ಸಿಗರೇಟು ಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಹಗ್ಗವನ್ನು ಕಾಲಲ್ಲಿ ಮೆಟ್ಟಿಕೊಂಡು ಅದನ್ನು ಹೊರತೆಗೆದೆ. ಸೊಂಟದ ತನಕ ನೀರಲ್ಲಿ ನಿಂತು ಬಲೆ ಎಳೆದವನ ಸಿಗರೇಟು ಅದು. ತುದಿಯಿಂದ ಸಮುದ್ರದ ನೀರು ತೊಟ್ಟಿಕ್ಕಿತು.

ಲತಾ ನಕ್ಕಳು. “ನೀ ಹಗ್ಗ ಎಳಿಯೋ ಮಾರಾಯಾ. ಅದೆಲ್ಲ ಅಂವ್ಗೇ ಚಂದ.”

ಅವಳು ನನಗೆ ಆಡಿದ ಮೊದಲ ಮಾತು ಇದು. ಅವನ ಹಗ್ಗ ನನ್ನ ಕೈಯಲ್ಲಿರುವುದರಿಂದಲೇ ಅವನ ಕೈಯಲ್ಲಿ ಸಿಗರೇಟು ಇತ್ತು. ಎರಡೂ ಹಗ್ಗ ಹಿಡಿದು ಮತ್ತೆ ಎಳೆದೆ.

ಅಂಕೋಲೆಗೆ ಬರುವಾಗ, ಮನೆಯಂಗಳದಲ್ಲಿ ನನ್ನ ಆಯಿ ಒಣಮೀನು ಹರವಿದ ಚಾಪೆಯ ತುದಿಯಲ್ಲಿ ಆ ಸಿಗರೇಟನ್ನೂ ಒಣಗಲು ಇಟ್ಟು ಬಂದೆ.